ಮೆಟ್ರಿಕ್ ಪಾಸಾಗದ ಹುಡುಗ ಪತ್ರಿಕೆಗೆ ಬರೆದು ಬದುಕಿದ ಕಥೆ: ಕಗ್ಗಕ್ಕಿಂತ ಮುಂಚಿನ ಡಿವಿಜಿ

ಐಗಳಿ: ಡಿ.ವಿ.ಗುಂಡಪ್ಪ ಅಂದ್ರೆ ನಮ್ಮ ಕಡೆ ಎಲ್ಲರಿಗೂ ಮೊದಲು ನೆನಪಾಗೋದು ಮಂಕುತಿಮ್ಮನ ಕಗ್ಗ. ಶಾಲೆ ಗೋಡೆ ಮ್ಯಾಲ ಕಗ್ಗ, ಮದುವೆ ಕಾರ್ಡಿನಾಗ ಕಗ್ಗ, ಬೆಳಗಾದ್ರೆ ವಾಟ್ಸಾಪಿನಾಗೂ ಕಗ್ಗ. ಗಡ್ಡ ಇಲ್ಲದ ಋಷಿ ಅನ್ನೋ ಹಂಗ ಅವರ ಚಿತ್ರ ನಮ್ಮ ತಲೆಯೊಳಗ ಕುಂತೈತಿ. ಆದ್ರೆ ಕಗ್ಗ ಅಚ್ಚಾಗಿದ್ದು 1943ರಲ್ಲಿ, ಆಗ ಅವರಿಗೆ ಐವತ್ತಾರು ವರ್ಷ. ಅದಕ್ಕಿಂತ ಮುಂಚೆ ಮೂರು ದಶಕಕ್ಕೂ ಹೆಚ್ಚು ಕಾಲ ಆ ಮನುಷ್ಯನ ಮನೆ ನಡೆದದ್ದು ಪತ್ರಿಕೆ ಬರಹದ ಮೇಲೆ. ಅದೂ ತಿಂಗಳ ಸಂಬಳದ ಭರವಸೆ ಇಲ್ಲದ ಬರಹ. ಈಗ ನಾವು ಫ್ರೀಲಾನ್ಸ್ ಅಂತೀವಲ್ಲ, ಹೆಚ್ಚುಕಮ್ಮಿ ಅದು.

ಈ ಕಥೆ ಈಗ ಯಾಕೆ ಅಂದ್ರೆ, ನಮ್ಮ ತಾಲೂಕಿನಾಗ ಪತ್ರಿಕೆಗೆ ಬರೀಬೇಕು ಅನ್ನೋ ಹುಡುಗರು ಬಾಳ ಮಂದಿ ಅದಾರ. ಅವರು ಕೇಳೋದು ಎರಡೇ ಪ್ರಶ್ನೆ. ಡಿಗ್ರಿ ಬೇಕೇನು? ರೊಕ್ಕ ಎಷ್ಟು ಬರ್ತೈತಿ? ಅಂಗಡಿಯವರು ಕೇಳೋ ಪ್ರಶ್ನೆ ಬೇರೆ: ನೀವು ನಮ್ಮ ಸುದ್ದಿ ಬರೀತೀರಿ, ನಿಮಗ ರೊಕ್ಕ ಕೊಡಾವ್ರು ಯಾರು? ಮೂರಕ್ಕೂ ಗುಂಡಪ್ಪನವರ ಬದುಕಿನಾಗ ಉತ್ತರ ಐತಿ. ಎಲ್ಲ ಉತ್ತರ ಸಿಹಿಯಾಗಿಲ್ಲ.

ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ ಹುಟ್ಟಿದ್ದು 1887ರ ಮಾರ್ಚ್ 17ರಂದು, ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ. ತಂದೆ ವೆಂಕಟರಮಣಯ್ಯ, ತಾಯಿ ಅಲಮೇಲಮ್ಮ. ಮನೆಯಲ್ಲಿ ಬಡತನ ಇತ್ತು, ಓದಿನ ವಾತಾವರಣವೂ ಇತ್ತು. ಊರಲ್ಲಿ ಶಾಲೆ ಮುಗಿಸಿ ಮೈಸೂರು, ಕೋಲಾರ ಅಂತ ತಿರುಗಿ ಓದಿದರು. ಆದರೆ ಮೆಟ್ರಿಕ್ ಪರೀಕ್ಷೆ ಪಾಸಾಗಲಿಲ್ಲ. ಅಲ್ಲಿಗೆ ಶಾಲೆ ಓದು ಮುಗಿಯಿತು. ಮುಂದೆ ಮೈಸೂರು ವಿಶ್ವವಿದ್ಯಾಲಯ 1961ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಾಗ ಅದನ್ನ ತಗೊಂಡ ಮನುಷ್ಯನ ಹತ್ತಿರ ಮೆಟ್ರಿಕ್ ಪಾಸಾದ ಕಾಗದ ಇರಲಿಲ್ಲ. ಡಿಗ್ರಿ ಅರ್ಧಕ್ಕೆ ಬಿಟ್ಟು ಈ ಕೆಲಸಕ್ಕೆ ಬಂದ ನನ್ನಂಥವನಿಗೆ ಇದನ್ನ ಬರೆಯುವಾಗ ಸ್ವಲ್ಪ ಖುಷಿ ಆಗ್ತೈತಿ, ಸುಳ್ಳು ಹೇಳಂಗಿಲ್ಲ. ಆದ್ರೆ ಇಲ್ಲೊಂದು ಮಾತು ಸೇರಿಸಬೇಕು. ಅವರು ಬಿಟ್ಟಿದ್ದು ಪರೀಕ್ಷೆ, ಓದು ಅಲ್ಲ. ಇಂಗ್ಲಿಷ್, ಸಂಸ್ಕೃತ ಎರಡನ್ನೂ ಬಿಡದೆ ಕಲಿತರು. ಹಾನಗಲ್ ವಿರೂಪಾಕ್ಷ ಶಾಸ್ತ್ರಿಗಳ ಹತ್ತಿರ ಕುಂತು ವೇದಾಂತ ಓದಿದರು. ಜೊತೆಗೆ ರಾಜ್ಯಶಾಸ್ತ್ರ, ಅರ್ಥಶಾಸ್ತ್ರದ ಇಂಗ್ಲಿಷ್ ಪುಸ್ತಕಗಳನ್ನ ಯಾರೂ ಹೇಳಿಕೊಡದೆ ತಾವೇ ಅರಗಿಸಿಕೊಂಡರು.

ಪರೀಕ್ಷೆ ಹೋದ ಮೇಲೆ ಹೊಟ್ಟೆಪಾಡು. ಊರಲ್ಲಿ ಕೆಲ ದಿನ ಮೇಷ್ಟ್ರ ಕೆಲಸ. ಅಲ್ಲಿಂದ ಕೋಲಾರದ ಚಿನ್ನದ ಗಣಿ ಊರಿಗೆ ಹೋಗಿ ಸೋಡಾ ಕಾರ್ಖಾನೆಯಲ್ಲಿ ಕೆಲಸ. ಅದೂ ಬಾಳ ದಿನ ನಡೀಲಿಲ್ಲ. ಬೆಂಗಳೂರಿಗೆ ಬಂದ ಮೇಲೆ ಜಟಕಾ ಗಾಡಿಗೆ ಬಣ್ಣ ಬಳಿಯೋ ಕಾರ್ಖಾನೆಗೂ ಕೈ ಹಾಕಿದರು ಅಂತ ಅವರ ಬದುಕು ಬರೆದವರು ಹೇಳ್ತಾರೆ. ಕಗ್ಗ ಓದೋ ನಾವು ಈ ಸೋಡಾ ಬಾಟ್ಲಿ, ಬಣ್ಣದ ಡಬ್ಬಿ ನೆನಪಿಟ್ಟುಕೊಳ್ಳೋದು ಕಡಿಮೆ. ನಮ್ಮ ಊರಾಗ ಮುಂಜಾನೆ ಪೇಪರ್ ಹಾಕಿ, ಮಧ್ಯಾಹ್ನ ಮೊಬೈಲ್ ರೀಚಾರ್ಜ್ ಅಂಗಡಿಯಾಗ ಕುಂತು, ಸಂಜಿಗೆ ಸುದ್ದಿ ಬರೆಯೋ ಹುಡುಗರಿಗೆ ಇದು ಗೊತ್ತಿರಲಿ.

ಬೆಂಗಳೂರಿನಲ್ಲಿ ಅವರಿಗೆ ಸಿಕ್ಕ ಮೊದಲ ಬಾಗಿಲು ಸೂರ್ಯೋದಯ ಪ್ರಕಾಶಿಕಾ ಅನ್ನೋ ಕನ್ನಡ ಪತ್ರಿಕೆ. ಆಗ ವಯಸ್ಸು ಇನ್ನೂ ಇಪ್ಪತ್ತರ ಆಸುಪಾಸು. ಆ ಕಾಲದ ಪತ್ರಿಕೆ ಆಫೀಸು ಅಂದ್ರೆ ಈಗಿನ ಹಂಗ ಅಲ್ಲ. ಒಂದು ಕೋಣೆ, ಮೊಳೆ ಜೋಡಿಸೋ ಒಬ್ಬಿಬ್ಬರು, ಒಂದು ಅಚ್ಚಿನ ಯಂತ್ರ. ಬರೆದವನೇ ಕರಡು ತಿದ್ದಬೇಕು, ತಿದ್ದಿದವನೇ ಕೆಲವೊಮ್ಮೆ ವಿಳಾಸ ಅಂಟಿಸಿ ಅಂಚೆಗೂ ಹಾಕಬೇಕು. ಚಂದಾದಾರರು ವರ್ಷದ ರೊಕ್ಕ ಬಾಕಿ ಇಟ್ಟರೆ ಕೇಳೋಕೆ ಹೋಗಬೇಕಾದವನೂ ಅವನೇ. ಸುದ್ದಿ ಬರೆಯೋದು ಅಲ್ಲಿ ಒಂದು ಕೆಲಸ ಅಷ್ಟೇ, ಉಳಿದ ಹತ್ತು ಕೆಲಸ ಅದರ ಸುತ್ತ.

ಸೂರ್ಯೋದಯ ಪ್ರಕಾಶಿಕಾ ಅಲ್ಲದೆ ಮೈಸೂರ್ ಸ್ಟ್ಯಾಂಡರ್ಡ್, ಈವ್ನಿಂಗ್ ಮೇಲ್ ಅಂಥ ಇಂಗ್ಲಿಷ್ ಪತ್ರಿಕೆಗಳಲ್ಲೂ ಅವರು ದುಡಿದರು. ಮೆಟ್ರಿಕ್ ದಾಟದ ಹುಡುಗನ ಇಂಗ್ಲಿಷ್ ಬೆಂಗಳೂರಿನ ಓದುಗರ ಮುಂದೆ ಅಚ್ಚಾಗಿ ನಿಂತಿತು. ಕನ್ನಡದಲ್ಲೂ ಬರೀಬಲ್ಲೆ, ಇಂಗ್ಲಿಷಲ್ಲೂ ಬರೀಬಲ್ಲೆ ಅನ್ನೋದು ಅವರ ದೊಡ್ಡ ಬಂಡವಾಳ ಆಯ್ತು. ಒಂದು ಪತ್ರಿಕೆ ಮುಚ್ಚಿದರೆ ಇನ್ನೊಂದರ ಬಾಗಿಲು ತಟ್ಟಬಹುದು. ಮತ್ತೆ ಆಗಿನ ಪತ್ರಿಕೆಗಳು ಮುಚ್ಚೋದಂತೂ ಮಾಮೂಲಿ.

1907ರಲ್ಲಿ, ಅಂದರೆ ಇಪ್ಪತ್ತನೇ ವಯಸ್ಸಿಗೆ, ಭಾರತಿ ಅನ್ನೋ ಕನ್ನಡ ಪತ್ರಿಕೆ ಕೈಗೆತ್ತಿಕೊಂಡರು. ಅದು ಬಹಳ ಕಾಲ ಬಾಳಲಿಲ್ಲ. ಮರುವರ್ಷ, 1908ರಲ್ಲಿ, ಮೈಸೂರು ಸಂಸ್ಥಾನದಲ್ಲಿ ಪತ್ರಿಕಾ ಕಾಯಿದೆ ಬಂತು. ಆಗ ದಿವಾನರು ವಿ.ಪಿ.ಮಾಧವರಾವ್. ಪತ್ರಿಕೆ ನಡೆಸೋಕೆ ಸರ್ಕಾರದ ಅಪ್ಪಣೆ ಬೇಕು, ಬರೆದದ್ದು ಸರ್ಕಾರಕ್ಕೆ ಸೇರದಿದ್ದರೆ ಅಪ್ಪಣೆ ಹೋದಂಗೆ ಅನ್ನೋ ಥರದ ಕಾಯಿದೆ. ಮೈಸೂರಿನಲ್ಲಿ ತಾತಯ್ಯ ಅಂತ ಜನ ಪ್ರೀತಿಯಿಂದ ಕರೆಯುತ್ತಿದ್ದ ಎಂ.ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು.

ನಮ್ಮ ಅಥಣಿ ಕಡೆಯವರಿಗೆ ಇದು ದೂರದ ಮಾತು ಅನಿಸಬಹುದು. ಆಗ ನಾವು ಮುಂಬೈ ಪ್ರಾಂತ್ಯದಲ್ಲಿದ್ದಿವಿ, ಮೈಸೂರು ರಾಜರ ಕಾಯಿದೆ ನಮಗೆ ಹತ್ತುತ್ತಿರಲಿಲ್ಲ. ಆದರೆ ಎರಡೇ ವರ್ಷಕ್ಕೆ, 1910ರಲ್ಲಿ, ಬ್ರಿಟಿಷರು ಇಡೀ ದೇಶಕ್ಕೆ ತಮ್ಮದೇ ಪತ್ರಿಕಾ ಕಾಯಿದೆ ತಂದರು. ಠೇವಣಿ ಇಡು, ಸೇರದ್ದು ಬರೆದರೆ ಠೇವಣಿ ಮುಟ್ಟುಗೋಲು. ಸಣ್ಣ ಮುದ್ರಣಾಲಯ ಇಟ್ಟುಕೊಂಡವನಿಗೆ ಅದು ಅಂಗಡಿ ಮುಚ್ಚಿಸೋ ಲೆಕ್ಕ.

ಆ ದಿನಗಳಲ್ಲಿ ಗುಂಡಪ್ಪನವರು ಮದ್ರಾಸಿಗೆ ಹೋದರು. ಅಲ್ಲಿಯ ಇಂಗ್ಲಿಷ್ ಪತ್ರಿಕೆಗಳಿಗೆ ಲೇಖನ ಬರೆದರು. ನಿಜವಾದ ಫ್ರೀಲಾನ್ಸ್ ಅಂದ್ರೆ ಇದು. ಅಲ್ಲಿ ಅವರು ಯಾರ ಮಗನೂ ಅಲ್ಲ, ಯಾರ ಶಿಷ್ಯನೂ ಅಲ್ಲ. ಸಂಪಾದಕನಿಗೆ ಲೇಖನ ಹಿಡಿಸಿದರೆ ಅಚ್ಚು, ಇಲ್ಲಂದ್ರೆ ವಾಪಸ್. ಅಂಥ ಕಡೆ ಕಾಲೂರಬೇಕಂದ್ರೆ ಬೇರೆಯವರ ಹತ್ತಿರ ಇಲ್ಲದ ಸರಕು ಬೇಕು. ಗುಂಡಪ್ಪನವರ ಹತ್ತಿರ ಅದು ಇತ್ತು. ಅದೇ ದೇಶೀ ಸಂಸ್ಥಾನಗಳ ಸಂಗತಿ. ರಾಜರ ಆಳ್ವಿಕೆಯಲ್ಲಿರೋ ಪ್ರಜೆಗೆ ಹಕ್ಕು ಏನು, ಸಂಸ್ಥಾನದ ಖಜಾನೆ ಲೆಕ್ಕ ಕೇಳೋರು ಯಾರು, ದಿವಾನ ಯಾರಿಗೆ ಉತ್ತರ ಹೇಳಬೇಕು, ಇವು ಅವರ ಕಾಯಂ ವಿಷಯ. ಮೈಸೂರಿನ ಹಳೇ ದಿವಾನ ರಂಗಾಚಾರ್ಲು ಅವರ ಆಡಳಿತದ ಬಗ್ಗೆ ಓದಿ, ಬರೆದು, ಅದರ ಮೇಲೆ ಪುಸ್ತಕವನ್ನೇ ಮಾಡಿದರು.

ಬರೆಯೋಕೆ ಶುರು ಮಾಡೋರು ಗಮನಿಸಬೇಕಾದ ಜಾಗ ಇದು ಅಂತ ನನಗನಸ್ತೈತಿ. ಎಲ್ಲದರ ಬಗ್ಗೆ ಬರೀತೀನಿ ಅನ್ನೋನಿಗಿಂತ ಒಂದು ಸಂಗತಿ ತಳ ಮುಟ್ಟಿ ತಿಳಕೊಂಡವನ ಲೇಖನಕ್ಕೆ ಸಂಪಾದಕ ಕಾಯ್ತಾನ. ನಮ್ಮ ಕಡೆ ದ್ರಾಕ್ಷಿ ಐತಿ, ಒಣದ್ರಾಕ್ಷಿ ಐತಿ, ಕಬ್ಬಿನ ಬಿಲ್ಲು ಐತಿ, ಕೃಷ್ಣಾ ನೀರು ಐತಿ, ಗಡಿ ತಕರಾರು ಐತಿ. ಒಣದ್ರಾಕ್ಷಿ ರೇಟು ಯಾಕೆ ಬೀಳ್ತೈತಿ ಅಂತ ಶೆಡ್ಡಿನಿಂದ ಮಾರುಕಟ್ಟೆ ತನಕ ಲೆಕ್ಕ ಸಮೇತ ಬರೆಯೋ ಹುಡುಗ ಒಬ್ಬನಿದ್ದರೆ ಅವನನ್ನ ಬೆಂಗಳೂರಿನವರು ಹುಡುಕಿಕೊಂಡು ಬರ್ತಾರ. ಸನ್ಮಾನ ಸಮಾರಂಭದ ಫೋಟೋ ಕಳಿಸೋರು ನೂರು ಮಂದಿ ಅದಾರ.

ಗುಂಡಪ್ಪನವರು ಬೆಂಗಳೂರಿಗೆ ವಾಪಸಾಗಿ 1913ರಲ್ಲಿ ತಮ್ಮದೇ ಪತ್ರಿಕೆ ಶುರು ಮಾಡಿದರು. ಹೆಸರು ಕರ್ನಾಟಕ, ಭಾಷೆ ಇಂಗ್ಲಿಷ್, ವಾರಕ್ಕೆ ಎರಡು ಸಲ. ಆಗ ಅವರಿಗೆ ಇಪ್ಪತ್ತಾರು. ಆ ಹೊತ್ತಿಗೆ ದಿವಾನರು ಸರ್ ಎಂ.ವಿಶ್ವೇಶ್ವರಯ್ಯ, 1912ರಿಂದ 1918ರ ತನಕ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಗೌರವ. ಅಷ್ಟಿದ್ದರೂ ಕರ್ನಾಟಕ ಪತ್ರಿಕೆ ದಿವಾನರ ತುತ್ತೂರಿ ಆಗಲಿಲ್ಲ. ಮೆಚ್ಚಬೇಕಾದ್ದನ್ನ ಮೆಚ್ಚಿತು, ಟೀಕಿಸಬೇಕಾದ್ದನ್ನ ಟೀಕಿಸಿತು.

ಆ ಕಾಲದ ದಸರಾ ಪ್ರಸಂಗ ಒಂದನ್ನ ಪತ್ರಕರ್ತರು ಈಗಲೂ ಹೇಳಿಕೊಳ್ಳುತ್ತಾರೆ. ದಸರಾ ವರದಿ ಮಾಡೋಕೆ ಮೈಸೂರಿಗೆ ಬರೋ ಪತ್ರಿಕೆಯವರಿಗೆ ಸರ್ಕಾರದಿಂದ ಖರ್ಚಿನ ಹಣ ಕೊಡೋ ರೂಢಿ ಇತ್ತಂತೆ. ಗುಂಡಪ್ಪನವರಿಗೂ ಬಂತು. ಅವರು ಅದನ್ನ ವಾಪಸ್ ಕಳಿಸಿದರು. ದಿವಾನರೇ ಕರೆಸಿ ವಿಚಾರಿಸಿದಾಗ, ದಸರಾ ಸುದ್ದಿ ತನ್ನ ಓದುಗರಿಗೆ ಕೊಡೋದು ತನ್ನ ಪತ್ರಿಕೆ ಕೆಲಸ, ಅದರ ಖರ್ಚು ಪತ್ರಿಕೆಯೇ ನೋಡಿಕೊಳ್ಳಬೇಕು ಅನ್ನೋ ಅರ್ಥದಲ್ಲಿ ತಿಳಿಸಿದರಂತೆ. ದಿವಾನರಿಗೆ ಸಿಟ್ಟು ಬರಲಿಲ್ಲ, ಗೌರವ ಹೆಚ್ಚಾಯಿತು ಅಂತ ಕಥೆ ಮುಗಿಯುತ್ತೆ.

ಕಥೆ ಅಲ್ಲಿಗೆ ಮುಗಿಸೋದು ಸುಲಭ. ಆದರೆ ಮನೆಯೊಳಗೆ ಏನಾಗುತ್ತಿತ್ತು? ಹೆಂಡತಿ ಭಾಗೀರಥಮ್ಮ. ಬೆಂಗಳೂರಿನ ಹಳಬರು ಹೇಳೋ ಇನ್ನೊಂದು ಪ್ರಸಂಗ ಐತಿ. ಬೇಕಾದವರ ಮನೆಯಲ್ಲಿ ಸಮಾರಂಭ, ಆಯಮ್ಮ ಹೋಗಲಿಲ್ಲ. ಯಾಕೆ ಅಂತ ಗಂಡ ಕೇಳಿದರು. ಇದ್ದದ್ದು ಹರಿದು ಹೊಲಿದ ಸೀರೆ. ಅದನ್ನುಟ್ಟು ನಾಲ್ಕು ಮಂದಿ ಮುಂದೆ ಹೋದರೆ ಜನ ತನ್ನನ್ನಲ್ಲ, ಗಂಡನನ್ನ ಆಡಿಕೊಳ್ಳುತ್ತಾರೆ, ಅದು ಆಗಬಾರದು ಅನ್ನೋದು ಆಯಮ್ಮನ ವಿಚಾರ. ದಿವಾನರ ಹಣ ವಾಪಸ್ ಕಳಿಸಿದ ಗಂಡನ ಹೆಸರು ಪುಸ್ತಕದಲ್ಲಿ ಬಂತು. ಆ ವಾಪಸಿನ ಲೆಕ್ಕ ಕಟ್ಟಿದ್ದು ಅಡಿಗೆಮನೆ. ಭಾಗೀರಥಮ್ಮ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಗುಂಡಪ್ಪನವರು ಮತ್ತೆ ಮದುವೆಯಾಗಲಿಲ್ಲ.

ಇದನ್ನ ಯಾಕೆ ಹೇಳಿದೆ ಅಂದ್ರೆ, ನಮ್ಮಲ್ಲಿ ಡಿವಿಜಿ ಭಾಷಣ ಮಾಡೋರು ಬಡತನವನ್ನ ಒಂದು ಪದಕದ ಹಂಗ ತೋರಿಸ್ತಾರ. ಬಡತನ ಪದಕ ಅಲ್ಲ. ತಾಲೂಕು ಮಟ್ಟದಾಗ ಬರೆಯೋ ಹುಡುಗನಿಗೆ ಗೊತ್ತೈತಿ: ಸುದ್ದಿಗೆ ಬರೋದು ಪುಡಿಗಾಸು, ಬೈಕಿನ ಪೆಟ್ರೋಲಿಗೂ ಸಾಲದು. ಉಳಿದದ್ದು ಜಾಹೀರಾತಿನ ಕಮಿಷನ್. ಆಗಸ್ಟ್ ಹದಿನೈದು, ರಾಜ್ಯೋತ್ಸವ, ದೀಪಾವಳಿ ಬಂತಂದ್ರ ಕಿರಾಣಿ ಅಂಗಡಿ, ಗೊಬ್ಬರದ ಅಂಗಡಿ, ಪತ್ತಿನ ಸಂಘ ಅಂತ ಶುಭಾಶಯದ ಜಾಹೀರಾತಿಗೆ ತಿರುಗಬೇಕು. ನಿನ್ನೆ ಜಾಹೀರಾತು ಕೊಟ್ಟ ಅಂಗಡಿಯಾಗ ನಾಳೆ ಗೊಬ್ಬರ ಹೆಚ್ಚಿನ ರೇಟಿಗೆ ಮಾರಿದರ ಬರೆಯೋದು ಹೆಂಗ? ಪತ್ರಿಕಾಗೋಷ್ಠಿ ಮುಗಿದ ಮ್ಯಾಲ ಕೈಗೆ ಬರೋ ಕವರಿನ ಸಂಗತಿ ನಮ್ಮ ಓದುಗರಿಗೂ ಗೊತ್ತಿಲ್ಲದ್ದೇನಲ್ಲ. ದಸರಾದ ಖರ್ಚಿನ ಹಣ ನೂರು ವರ್ಷ ದಾಟಿ ಆ ಕವರಿನಾಗ ಬಂದು ಕುಂತೈತಿ, ಅಷ್ಟೇ ಫರಕು.

ಗುಂಡಪ್ಪನವರು ಈ ಗಂಟು ಬಿಡಿಸಿಕೊಂಡ ರೀತಿ ನೋಡ್ರಿ. ಒಂದೇ ಕಡೆಯಿಂದ ಬರೋ ಆದಾಯದ ಮೇಲೆ ಅವರು ನಿಲ್ಲಲಿಲ್ಲ. ಪತ್ರಿಕೆ, ಬೇರೆ ಪತ್ರಿಕೆಗಳಿಗೆ ಲೇಖನ, ಪುಸ್ತಕ ಬರೆಯೋದು, ಪುಸ್ತಕ ಪ್ರಕಟಿಸೋದು, ಹಿಂಗ ನಾಲ್ಕು ಕಡೆಯಿಂದ ಸ್ವಲ್ಪ ಸ್ವಲ್ಪ. ಯಾರೊಬ್ಬರ ಹಣ ನಿಂತರೂ ಪೂರ್ತಿ ಬೀಳೋದಿಲ್ಲ, ಅದಕ್ಕೇ ಯಾರೊಬ್ಬರಿಗೂ ಹೆದರಬೇಕಾಗಿಲ್ಲ. ಆದಾಯ ಸಾಲದೇ ಇದ್ದಾಗ ಖರ್ಚು ಇಳಿಸಿದರು. ಇದು ಎಲ್ಲರಿಗೂ ಆಗೋ ದಾರಿ ಅಂತ ನಾ ಹೇಳಂಗಿಲ್ಲ. ಮನೆಯಲ್ಲಿ ಸಣ್ಣ ಮಕ್ಕಳಿದ್ದಾಗ ಖರ್ಚು ಇಳಿಸೋದಕ್ಕೂ ಒಂದು ಮಿತಿ ಇರ್ತೈತಿ.

ಕರ್ನಾಟಕ ಪತ್ರಿಕೆ ನಡೆಸುವ ಕಾಲದಲ್ಲಿ ಅವರ ಮನಸ್ಸನ್ನ ಹಿಡಿದ ಮನುಷ್ಯ ಗೋಪಾಲಕೃಷ್ಣ ಗೋಖಲೆ. ಇಲ್ಲಿ ನಮ್ಮ ನೆರೆಯ ಒಂದು ಎಳೆ ಐತಿ. ಗೋಖಲೆಯವರು ಹುಟ್ಟಿದ್ದು ರತ್ನಾಗಿರಿ ಜಿಲ್ಲೆಯಲ್ಲಿ, ಆದರೆ ಸಣ್ಣವರಿದ್ದಾಗ ಶಾಲೆ ಕಲಿತದ್ದು ಕಾಗಲದಲ್ಲಿ, ಆಮೇಲೆ ಕೊಲ್ಹಾಪುರದಲ್ಲಿ. ಕಾಗಲ ಅಂದ್ರೆ ನಿಪ್ಪಾಣಿ ದಾಟಿದ ಕೂಡ್ಲೆ ಸಿಗೋ ಊರು, ನಮ್ಮ ಚಿಕ್ಕೋಡಿ ಭಾಗದವರು ಸಂತೆಗೆ, ಮದುವೆಗೆ ಹೋಗಿ ಬರೋ ಊರು. ಅಂಕಿ ಸಂಖ್ಯೆ ಇಟ್ಟುಕೊಂಡು, ದನಿ ಏರಿಸದೆ, ಸರ್ಕಾರದ ಬಜೆಟ್ಟನ್ನೇ ಬಿಚ್ಚಿ ತೋರಿಸೋದು ಗೋಖಲೆಯವರ ಪದ್ಧತಿ. ಗುಂಡಪ್ಪನವರ ಪತ್ರಿಕೆ ಬರಹಕ್ಕೆ ಅದೇ ಮಾದರಿ. ಗೋಖಲೆ 1915ರಲ್ಲಿ ತೀರಿಕೊಂಡ ಮೇಲೆ ಅವರ ಜೀವನಚರಿತ್ರೆಯನ್ನ ಕನ್ನಡದಲ್ಲಿ ಬರೆದರು.

ಇನ್ನೊಂದು ಎಳೆ ಇನ್ನೂ ಹತ್ತಿರದ್ದು. 1928ರಲ್ಲಿ ಬಾಗಲಕೋಟೆಯಲ್ಲಿ ಕರ್ನಾಟಕದ ಪತ್ರಕರ್ತರ ಮೊದಲ ಸಮ್ಮೇಳನ ನಡೆಯಿತು. ಅಧ್ಯಕ್ಷರು ಡಿ.ವಿ.ಗುಂಡಪ್ಪ. ಆಗ ಬಾಗಲಕೋಟೆ ವಿಜಾಪುರ ಜಿಲ್ಲೆಯೊಳಗೆ, ಮುಂಬೈ ಪ್ರಾಂತ್ಯದಲ್ಲಿ. ಮೈಸೂರು ಸಂಸ್ಥಾನದ ಮನುಷ್ಯ ಬೇರೆ ಸರ್ಕಾರದ ಸೀಮೆಗೆ ಬಂದು ಕನ್ನಡ ಪತ್ರಕರ್ತರ ಸಭೆಗೆ ಅಧ್ಯಕ್ಷನಾದ. ಆಗಿನ ನಕಾಶೆ ನೆನಪು ಮಾಡಿಕೊಳ್ಳ್ರಿ: ಅಥಣಿ ಬ್ರಿಟಿಷರದ್ದು, ಜಮಖಂಡಿ ಸಂಸ್ಥಾನ, ಮುಧೋಳ ಸಂಸ್ಥಾನ, ಅತ್ತ ಸಾಂಗಲಿ, ಇತ್ತ ಕೊಲ್ಹಾಪುರ. ಒಂದು ದಿನ ಬಂಡಿ ಹೊಡೆದರೆ ಎರಡು ಮೂರು ಸರ್ಕಾರ ದಾಟಬೇಕಾಗಿತ್ತು. ಕನ್ನಡದ ಪತ್ರಿಕೆಗಳೂ ಹಂಗೇ ಚೂರುಚೂರು. ಧಾರವಾಡದಲ್ಲಿ 1921ರಿಂದ ಕರ್ಮವೀರ ಬರುತ್ತಿತ್ತು, ಬೆಂಗಳೂರು ಮೈಸೂರಿನಲ್ಲಿ ಬೇರೆ ಪತ್ರಿಕೆ, ಮಂಗಳೂರಲ್ಲಿ ಬೇರೆ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಮುಟ್ಟೋದು ಕಷ್ಟ. ಅಂಥ ಹೊತ್ತಿನಲ್ಲಿ ಕನ್ನಡ ಪತ್ರಿಕೆಯವರನ್ನೆಲ್ಲ ಒಂದು ಚಪ್ಪರದಡಿ ಕೂಡಿಸಿದ ಊರು ನಮ್ಮ ಕೃಷ್ಣಾ, ಘಟಪ್ರಭಾ ಸೀಮೆಯದು ಅನ್ನೋದು ನಮ್ಮವರಿಗೇ ಮರೆತು ಹೋಗೈತಿ.

ಪತ್ರಿಕೆ ಅಂದರೇನು, ಅದನ್ನ ನಡೆಸೋನ ಹೊಣೆ ಏನು, ಓದುಗನ ಹೊಣೆ ಏನು ಅನ್ನೋದರ ಬಗ್ಗೆ ಅದೇ ಹೊತ್ತಿನಲ್ಲಿ ವೃತ್ತಪತ್ರಿಕೆ ಅನ್ನೋ ಪುಸ್ತಕವೂ ಅವರಿಂದ ಬಂತು. ಪತ್ರಿಕೋದ್ಯಮ ಕಾಲೇಜಿನ ಕೋರ್ಸು ಕನ್ನಡ ನಾಡಿನಲ್ಲಿ ಇನ್ನೂ ಕಣ್ಣಿಗೆ ಬೀಳದ ಕಾಲ ಅದು. ಪರೀಕ್ಷೆ ಪಾಸಾಗದವನು ಆ ಕಸುಬಿಗೆ ಕನ್ನಡದಲ್ಲಿ ಪಾಠದ ಪುಸ್ತಕ ಬರೆದುಕೊಟ್ಟ.

ಮುಂದಿನ ಬದುಕು ಬಹಳ ಮಂದಿಗೆ ಗೊತ್ತಿರೋದೇ, ಬೇಗ ಹೇಳಿಬಿಡ್ತೀನಿ. 1932ರಲ್ಲಿ ಮಡಿಕೇರಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಮೈಸೂರಿನ ವಿಧಾನ ಪರಿಷತ್ತಿನಲ್ಲಿ ಸದಸ್ಯರಾಗಿದ್ದರು. ಕಗ್ಗ ಬಂತು. ಭಗವದ್ಗೀತೆ ಮೇಲೆ ಬರೆದ ಜೀವನಧರ್ಮಯೋಗಕ್ಕೆ 1967ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1974ರಲ್ಲಿ ಪದ್ಮಭೂಷಣ. ಮಗ ಬಿ.ಜಿ.ಎಲ್.ಸ್ವಾಮಿ ಸಸ್ಯಶಾಸ್ತ್ರದಲ್ಲಿ ದೊಡ್ಡ ಹೆಸರು ಮಾಡಿ, ಹಸುರು ಹೊನ್ನು ಪುಸ್ತಕಕ್ಕೆ ಅದೇ ಅಕಾಡೆಮಿ ಪ್ರಶಸ್ತಿ ಪಡೆದರು. ಪತ್ರಿಕೆಯ ದಿನಗಳಲ್ಲಿ ಕಂಡ ಮಂದಿಯ ಚಿತ್ರಗಳನ್ನ ಜ್ಞಾಪಕ ಚಿತ್ರಶಾಲೆ ಅಂತ ಎಂಟು ಸಂಪುಟದಲ್ಲಿ ಬರೆದರು. ನನ್ನ ಕೇಳಿದ್ರ, ಪತ್ರಿಕೆಗೆ ಬರೆಯೋಕೆ ಶುರು ಮಾಡೋ ಹುಡುಗರು ಕಗ್ಗಕ್ಕಿಂತ ಮೊದಲು ಅದನ್ನ ಓದಬೇಕು. ದಿವಾನರು ಅದಾರ, ಸಂಗೀತಗಾರರು ಅದಾರ, ಹೆಸರೇ ಇಲ್ಲದ ಬಡ ಮೇಷ್ಟ್ರುಗಳೂ ಅದಾರ. ಒಬ್ಬ ಮನುಷ್ಯನನ್ನ ಹೆಂಗ ನೋಡಬೇಕು, ಯಾವ ಸಣ್ಣ ಸಂಗತಿ ಹಿಡೀಬೇಕು ಅನ್ನೋದು ಅಲ್ಲಿ ಕಲೀಬಹುದು.

1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. ಸಾಮಾನ್ಯ ಮನುಷ್ಯ ಬಂದು ಪತ್ರಿಕೆ ಓದಬೇಕು, ಕಾಯಿದೆ, ಬಜೆಟ್ಟು, ಚುನಾವಣೆ ಬಗ್ಗೆ ತಿಳಕೊಂಡು ಮಾತಾಡಬೇಕು ಅನ್ನೋದು ಉದ್ದೇಶ. 1949ರಿಂದ ಆ ಸಂಸ್ಥೆಯಿಂದ ಪಬ್ಲಿಕ್ ಅಫೇರ್ಸ್ ಅನ್ನೋ ಇಂಗ್ಲಿಷ್ ಮಾಸಪತ್ರಿಕೆ ಹೊರಟಿತು. ಅರವತ್ತು ದಾಟಿದ ಮೇಲೂ ಪತ್ರಿಕೆ ಹುಚ್ಚು ಬಿಟ್ಟಿರಲಿಲ್ಲ. 1970ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ ಜನ ಸೇರಿ ಸನ್ಮಾನ ಮಾಡಿ ಒಂದು ಲಕ್ಷ ರೂಪಾಯಿ ನಿಧಿ ಕೊಟ್ಟರು. ಆಗಿನ ಒಂದು ಲಕ್ಷ ಅಂದ್ರೆ ಎಷ್ಟು ಅಂತ ನಮ್ಮ ಅಂಗಡಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದನ್ನ ಇಡಿಯಾಗಿ ಸಂಸ್ಥೆಗೆ ಕೊಟ್ಟುಬಿಟ್ಟರು.

1975ರ ಅಕ್ಟೋಬರ್ 7ರಂದು, ಎಂಬತ್ತೆಂಟನೇ ವಯಸ್ಸಿನಲ್ಲಿ ಗುಂಡಪ್ಪನವರು ತೀರಿಕೊಂಡರು. ಆಮೇಲೆ ಅವರ ಹಳೇ ಪೆಟ್ಟಿಗೆಯಲ್ಲಿ ಮೈಸೂರು ಸರ್ಕಾರದಿಂದ ಬಂದಿದ್ದ ಚೆಕ್ಕುಗಳು ಸಿಕ್ಕವು ಅಂತ ಬೆಂಗಳೂರಿನಲ್ಲಿ ಬಹಳ ಮಂದಿ ಬರೆದಾರ, ಹೇಳ್ಯಾರ. ಸರ್ಕಾರಕ್ಕೆ ಮಾಡಿಕೊಟ್ಟ ಕೆಲಸಕ್ಕೆ ಬಂದದ್ದು, ಬ್ಯಾಂಕಿಗೆ ಹಾಕದೇ ಇಟ್ಟದ್ದು. ವಾಪಸ್ ಕಳಿಸಿದರೆ ಕೊಟ್ಟವರಿಗೆ ಅವಮಾನ, ನಗದು ಮಾಡಿಕೊಂಡರೆ ನಾಳೆ ಟೀಕೆ ಬರೆಯೋಕೆ ಕೈ ತಡೆಯುತ್ತೆ. ಪೆಟ್ಟಿಗೆಯೊಳಗೆ ಹಾಕಿ ಸುಮ್ಮನಿದ್ದರು.

ಅವರು ಕಟ್ಟಿದ ಗೋಖಲೆ ಸಂಸ್ಥೆ ಈಗಲೂ ಬೆಂಗಳೂರಿನ ಬುಲ್ ಟೆಂಪಲ್ ರಸ್ತೆಯಲ್ಲಿ, ನರಸಿಂಹರಾಜ ಕಾಲೊನಿಯಲ್ಲಿ ಐತಿ. ನಮ್ಮ ಊರಿಂದ ರಾತ್ರಿ ಬಸ್ಸಿಗೆ ಹೋಗಿ ಮುಂಜಾನೆ ಇಳಿಯೋರು ಬಸವನಗುಡಿ ಕಡೆ ಕೆಲಸ ಇದ್ದರೆ ಒಂದು ತಾಸು ಹೊಂದಿಸಿಕೊಂಡು ನೋಡಿ ಬರಬಹುದು. ಅಲ್ಲೇ ಹತ್ತಿರದ ಕಹಳೆ ಬಂಡೆ ಉದ್ಯಾನದಾಗ ಡಿವಿಜಿ ಪ್ರತಿಮೆ ಐತಿ, ಗಾಂಧಿ ಬಜಾರಿನ ಕಡೆ ಅವರ ಹೆಸರಿನ ರಸ್ತೆಯೂ ಐತಿ. ಆ ರಸ್ತೆ ತುಂಬ ಅಂಗಡಿಗಳೇ.